ಕೋವಿ ಹಿಡಿದ ಕೈಗೆ ಹೊಣೆ ಯಾರು?

ಭಾರತದಲ್ಲಿ ಕೋವಿ ಇಟ್ಟುಕೊಳ್ಳಬೇಕೆಂದರೆ ಪರವಾನಗಿ ಬೇಕು. 1959ರ ಶಸ್ತ್ರಾಸ್ತ್ರ ಕಾಯ್ದೆಯ 3ನೆಯ ಕಲಮು ಹೇಳುವುದು ಇದನ್ನೇ; ದೇಶದ ಬಹುಪಾಲು ಜನರ ಮಟ್ಟಿಗೆ ಕೋವಿಯ ಕಾನೂನು ಅಲ್ಲಿಂದಲೇ ಶುರುವಾಗುತ್ತದೆ. ಕೊಡಗಿನಲ್ಲಿ ಹಾಗಲ್ಲ. ಕೊಡವರಾಗಿ ಹುಟ್ಟಿದವರಿಗೆ, ಮತ್ತು ಜಾತಿ ಯಾವುದೇ ಇರಲಿ, ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಪರವಾನಗಿಯ ಹಂಗಿಲ್ಲ. ಅವರು ಜಿಲ್ಲಾಡಳಿತದಿಂದ ವಿನಾಯಿತಿ ಪತ್ರ ಪಡೆದು ಕೋವಿ ಇಟ್ಟುಕೊಳ್ಳುತ್ತಾರೆ. ಈ ವ್ಯವಸ್ಥೆಯನ್ನು ಕೆಲವರು ಪುರಾತನ ಹಕ್ಕು ಎನ್ನುತ್ತಾರೆ, ಕೆಲವರು ಬ್ರಿಟಿಷರು ಬಿಟ್ಟುಹೋದ ಪಕ್ಷಪಾತ ಎನ್ನುತ್ತಾರೆ. ಎರಡು ಮಾತಿನಲ್ಲೂ ಸತ್ಯದ ಒಂದೊಂದು ಪಾಲಿದೆ, ಆದರೆ ಮುಖ್ಯ ಸಂಗತಿ ಎರಡರಲ್ಲೂ ಬಿಟ್ಟುಹೋಗಿದೆ. ಕೊಡಗಿನ ಕೋವಿಯ ಹಿಂದೆ ಮೊದಲಿಗೆ ಇದ್ದದ್ದು ಹೊಣೆಗಾರಿಕೆಯ ಒಂದು ಏರ್ಪಾಡು. ಆಯುಧ ಯಾರ ಕೈಗೆ ಹೋಗಬೇಕು, ಆ ಕೈಯನ್ನು ಯಾರು ಪಳಗಿಸಬೇಕು, ತಪ್ಪಿದರೆ ಯಾರು ಕೇಳಬೇಕು ಎಂಬುದನ್ನು ಅದು ಗೊತ್ತುಮಾಡಿತ್ತು. ಬ್ರಿಟಿಷರು ಆ ಏರ್ಪಾಡಿನಿಂದ ಹಕ್ಕನ್ನು ಮಾತ್ರ ಬಿಡಿಸಿ ತೆಗೆದು ಕಾಗದಕ್ಕೆ ಇಳಿಸಿದರು. ಹೊಣೆ ಕಾಗದದ ಹೊರಗೆ, ಮನೆಯಲ್ಲೇ ಉಳಿಯಿತು. ಇವತ್ತಿನ ವಾದವಿವಾದಗಳೆಲ್ಲ ಆ ಕಾಗದದ ಸುತ್ತಲೇ ಸುತ್ತುತ್ತಿರುವುದರಿಂದ ಮನೆಯಲ್ಲಿದ್ದದ್ದು ಏನಾಯಿತೆಂದು ಕೇಳುವವರು ಕಡಿಮೆ.

ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದ ಜಮ್ಮಾ ಪದ್ಧತಿಯಿಂದಲೇ ನೋಡಬೇಕು. ಜಮ್ಮಾ ಭೂಮಿ ವಂಶಪಾರಂಪರ್ಯವಾಗಿ ಬಂದ ಹಿಡುವಳಿ. ಅದರ ಕಂದಾಯ ಸಾಮಾನ್ಯ ಹಿಡುವಳಿಯಾದ ಸಾಗು ಭೂಮಿಯ ಕಂದಾಯದ ಅರ್ಧದಷ್ಟು. ಆ ರಿಯಾಯಿತಿಗೆ ಬದಲಾಗಿ ಹಿಡುವಳಿದಾರನ ಮನೆ ಅರಸನಿಗೆ ಆಳು ಕೊಡಬೇಕಿತ್ತು: ಯುದ್ಧ ಬಂದರೆ ಆಯುಧದೊಂದಿಗೆ ಹೊರಡಬೇಕು, ಶಾಂತಿಯ ಕಾಲದಲ್ಲಿ ಗಡಿಯ ಉಕ್ಕಡಗಳನ್ನು ಕಾಯಬೇಕು. ಆ ಭೂಮಿಯನ್ನು ಮಾರುವಂತಿರಲಿಲ್ಲ, ಒತ್ತೆ ಇಡುವಂತಿರಲಿಲ್ಲ. ಅದು ಒಬ್ಬ ವ್ಯಕ್ತಿಯದ್ದಾಗಿರದೆ ಒಂದೇ ಮೂಲದ ಮನೆತನವಾದ ಇಡೀ ಒಕ್ಕದ್ದಾಗಿತ್ತು. ಒಕ್ಕದ ಪರವಾಗಿ ಅದರ ಹಿರಿಯನಾದ ಪಟ್ಟೆದಾರ ಉತ್ತರ ಕೊಡುತ್ತಿದ್ದ. ಹೀಗಾಗಿ ಕೋವಿಯೂ ಒಬ್ಬನ ಸೊತ್ತಾಗಿರದೆ ಒಕ್ಕದ ಮೂಲಮನೆಯಾದ ಐನ್‌ಮನೆಗೆ ಸೇರಿತ್ತು, ಅದರ ಹಿಂದೆ ಭೂಮಿಯೂ ಸೇವೆಯೂ ಹಿರಿಯನೂ ನಿಂತಿದ್ದರು. ಈ ಹಿಡುವಳಿ ಕೊಡವರಿಗಷ್ಟೇ ಮೀಸಲಾಗಿರಲಿಲ್ಲ. ಅರೆಭಾಷೆ ಗೌಡರೂ ಇತರ ಕೆಲವು ಸಮುದಾಯದವರೂ ಜಮ್ಮಾ ಹಿಡುವಳಿದಾರರಾಗಿದ್ದರು. ಟಿಪ್ಪುವಿನ ಸೈನ್ಯದ ಎದುರು ಕೊಡಗು ಅಷ್ಟು ವರ್ಷ ತಡೆದು ನಿಂತದ್ದಕ್ಕೆ ಕಾಡು, ಬೆಟ್ಟ, ಕಡಂಗಗಳ ಜೊತೆಗೆ ಈ ಏರ್ಪಾಡೂ ಕಾರಣ. ಸಂಬಳದ ದೊಡ್ಡ ಸೈನ್ಯ ಕಟ್ಟುವ ಶಕ್ತಿಯಿಲ್ಲದ ಸಣ್ಣ ರಾಜ್ಯ ತನ್ನ ಗದ್ದೆಗಳನ್ನೇ ಸೈನ್ಯದ ಸಂಬಳವಾಗಿ ಹಂಚಿತ್ತು.

ಪಳಗಿಸುವ ಕೆಲಸ ಹೇಗೆ ನಡೆಯುತ್ತಿತ್ತು ಎಂಬುದಕ್ಕೆ ಆಚರಣೆಗಳೇ ಸಾಕ್ಷಿ. ಗಂಡು ಮಗು ಹುಟ್ಟಿದಾಗ ಒಂದು ಗುಂಡು ಹಾರಿಸಿ ಊರಿಗೆ ತಿಳಿಸುತ್ತಿದ್ದರು, ಮಗುವಿನ ಕೈಗೆ ಹರಳುಕಡ್ಡಿಯ ಪುಟ್ಟ ಬಿಲ್ಲು ಮುಟ್ಟಿಸುತ್ತಿದ್ದರು. ಸಾವಿನ ಸುದ್ದಿಗೆ ಜೋಡಿ ಗುಂಡು. ಸುಗ್ಗಿಯ ಹಬ್ಬವಾದ ಪುತ್ತರಿಯಲ್ಲಿ ಮೊದಲ ಕದಿರು ಕೊಯ್ಯುವಾಗ ಒಂದು ಗುಂಡು. ಎಲ್ಲಿ, ಯಾವಾಗ, ಎಷ್ಟು ಎಂಬ ಲೆಕ್ಕ ಎಲ್ಲಕ್ಕೂ ಇತ್ತು. ಲೆಕ್ಕ ತಪ್ಪಿದ ಸದ್ದು ಊರಿಗೆ ತಪ್ಪು ಸುದ್ದಿ ಕೊಡುತ್ತಿತ್ತು. ಎಲ್ಲಕ್ಕಿಂತ ಹೆಚ್ಚಿನದನ್ನು ಹೇಳುವುದು ಆಯುಧಗಳ ಹಬ್ಬವಾದ ಕೈಲ್‌ಪೊಳ್ದ್. ಗದ್ದೆ ಕೆಲಸದ ಮಳೆಗಾಲದಲ್ಲಿ ಆಯುಧಗಳು ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಇರುತ್ತವೆ. ನಾಟಿ ಮುಗಿದ ಮೇಲೆ, ಸೆಪ್ಟೆಂಬರ್ ಆರಂಭದಲ್ಲಿ, ಅವನ್ನು ಹೊರತೆಗೆದು ತೊಳೆದು ಒರೆಸಿ ತೋಕ್ ಪೂ ಎಂಬ ಹೂವಿನಿಂದ ಅಲಂಕರಿಸಿ ಪೂಜಿಸುತ್ತಾರೆ. ಆಮೇಲೆ ಮನೆಯ ಹಿರಿಯ ಅವನ್ನು ಕಿರಿಯರ ಕೈಗೆ ಕೊಡುತ್ತಾನೆ. ಅದೇ ದಿನ ಮರದ ಮೇಲಿನ ತೆಂಗಿನಕಾಯಿಗೆ ಗುರಿಯಿಡುವ ಸ್ಪರ್ಧೆ. ಇದನ್ನು ಧಾರ್ಮಿಕ ಆಚರಣೆ ಎಂದಷ್ಟೇ ಓದಿದರೆ ಅರ್ಧ ಮಾತ್ರ ಓದಿದ ಹಾಗೆ. ಆಯುಧವನ್ನು ಬೀಗದೊಳಗಿಡುವ ಅವಧಿ, ವರ್ಷಕ್ಕೊಮ್ಮೆ ಅದನ್ನು ಬಿಚ್ಚಿ ಶುಚಿಗೊಳಿಸುವ ದಿನ, ಹಿರಿಯನ ಒಪ್ಪಿಗೆಯಿಂದಲೇ ಕೈಬದಲಾವಣೆ, ಎಲ್ಲರ ಎದುರು ಗುರಿಯ ಪರೀಕ್ಷೆ: ಒಂದು ಒಳ್ಳೆಯ ಪರವಾನಗಿ ಪದ್ಧತಿಯಲ್ಲಿ ಇರಬೇಕಾದದ್ದೆಲ್ಲ ಇಲ್ಲಿತ್ತು. ಇನ್ನುಳಿದ ಪಾಠ ಬೇಟೆಯಲ್ಲಿ. ಹುಡುಗರು ಮೊದಲು ಕಾಡು ಸೋವಲು ಹೋಗಬೇಕು. ಕೋವಿ ಕೈಗೆ ಬರುವುದು ಆಮೇಲೆ. ಸಾಲಿನಲ್ಲಿ ಯಾರು ಎಲ್ಲಿ ನಿಲ್ಲಬೇಕು, ಪೊದೆ ಅಲುಗಿದ ಮಾತ್ರಕ್ಕೆ ಕುದುರೆ ಎಳೆಯಬಾರದು ಎಂಬುದೆಲ್ಲ ಅಲ್ಲಿ ಹಿರಿಯರ ಗದರಿಕೆಯಲ್ಲೇ ಕಲಿತು ಬರುತ್ತಿತ್ತು.

1834ರಲ್ಲಿ ಕಂಪೆನಿ ಸರ್ಕಾರ ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡಿತು. ಜಮ್ಮಾ ಹಿಡುವಳಿಗೆ ಅದು ಕೈಹಚ್ಚಲಿಲ್ಲ. ಮೂರೇ ವರ್ಷಕ್ಕೆ, 1837ರಲ್ಲಿ, ಅಮರಸುಳ್ಯದ ಬಂಡಾಯ ಎದ್ದು ಮಂಗಳೂರಿನವರೆಗೂ ಹೋಯಿತು. ಅದನ್ನು ಅಡಗಿಸಲು ನೆರವಾದ ಕೊಡವ ಮುಖಂಡರಿಗೂ ಅವರ ಜೊತೆಗಿದ್ದವರಿಗೂ ಸರ್ಕಾರ ಪದಕಗಳನ್ನು ಕೊಟ್ಟಿತು. ಬಂಡಾಯದ ಮುಂದಾಳು ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿಯಲ್ಲಿ ಗಲ್ಲಿಗೇರಿಸಿತು. ಇಪ್ಪತ್ತು ವರ್ಷದ ಮೇಲೆ ಉತ್ತರದ ದಂಗೆಯಿಂದ ಬೆಚ್ಚಿದ ಸರ್ಕಾರ ಇಡೀ ದೇಶವನ್ನು ನಿಶ್ಶಸ್ತ್ರಗೊಳಿಸಲು ಕಾಯ್ದೆಗಳನ್ನು ತಂದಿತು. ಆಗ ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್, ತನ್ನ ಅಧಿಕಾರದ ಕೊನೆಯ ದಿನಗಳಲ್ಲಿ, 1861ರ ಫೆಬ್ರವರಿಯಲ್ಲಿ, ಕೊಡಗಿನವರಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಡುವ ಪ್ರಕಟಣೆ ಹೊರಡಿಸಿದ. ಅದರಲ್ಲಿ ಕೊಟ್ಟ ಕಾರಣ ಕೊಡಗಿನವರ ನಿಷ್ಠೆ, ಶೌರ್ಯ, ಮತ್ತು ಬ್ರಿಟಿಷ್ ಸರ್ಕಾರಕ್ಕೆ ಅವರು ಸಲ್ಲಿಸಿದ ಸೇವೆ. ಭೂಮಿಯ ಕಟ್ಟುಪಾಡಾಗಲಿ ಒಕ್ಕದ ಶಿಸ್ತಾಗಲಿ ಕಾರಣವಾಗಿ ಬರಲಿಲ್ಲ. ನಿಷ್ಠೆಗೆ ಬಹುಮಾನವಾಗಿ ಬಂದ ಈ ವಿನಾಯಿತಿ ಮುಂದೆ ಶಸ್ತ್ರ ಕಾನೂನಿನ ಪಟ್ಟಿಗಳಲ್ಲಿ ಕೊಡವ ಕುಲದ ಎಲ್ಲರಿಗೆ, ಎಲ್ಲ ಜಮ್ಮಾ ಹಿಡುವಳಿದಾರರಿಗೆ ಎಂಬ ರೂಪದಲ್ಲಿ ನೆಲೆನಿಂತಿತು. ಈ ಎರಡನೆಯ ಹೆಸರಿನ ದೆಸೆಯಿಂದ, 1837ರಲ್ಲಿ ಬಂಡಾಯದ ಮುಂಚೂಣಿಯಲ್ಲಿದ್ದ ಗೌಡ ಸಮುದಾಯದ ಮನೆಗಳಿಗೂ ಕೋವಿಯ ಹಕ್ಕು ಉಳಿಯಿತು. ಹಳೆಯ ಏರ್ಪಾಡಿನ ಕುರುಹು ಕಾನೂನಿನಲ್ಲಿ ಉಳಿದದ್ದು ಅಲ್ಲಿ ಮಾತ್ರ.

ಸರ್ಕಾರ ಆಗ ಅಳೆದದ್ದು ನಿಷ್ಠೆಯನ್ನೇ ಎಂಬುದಕ್ಕೆ ಇಂದಿನ ಕರ್ನಾಟಕದ ಇನ್ನೊಂದು ತುದಿಯಲ್ಲಿ ಸಾಕ್ಷಿ ಇದೆ. ಮುಧೋಳ ಸೀಮೆಯ ಹಲಗಲಿಯ ಬೇಡರೂ ತಲೆತಲಾಂತರದಿಂದ ಆಯುಧ ಹಿಡಿದವರೇ. ಅವರಿಗೂ ಆಯುಧವೆಂದರೆ ಬದುಕು, ಮಾನ, ದೈವ. 1857ರಲ್ಲಿ ಆಯುಧಗಳನ್ನು ದಾಖಲಿಸಿ ಒಪ್ಪಿಸಬೇಕೆಂಬ ಆಜ್ಞೆ ಬಂದಾಗ ಅವರು ಒಪ್ಪಲಿಲ್ಲ. ಅದೇ ವರ್ಷ ನವೆಂಬರಿನ ಕೊನೆಯಲ್ಲಿ ಸೈನ್ಯ ಹಲಗಲಿಗೆ ನುಗ್ಗಿ ಊರಿಗೆ ಬೆಂಕಿಯಿಟ್ಟಿತು, ಮುಖಂಡರನ್ನು ಗಲ್ಲಿಗೇರಿಸಿತು. ಬ್ರಿಟಿಷ್ ಅಧಿಕಾರಿ ಜೆ. ಎಫ್. ಫ್ಲೀಟ್ ಸಂಗ್ರಹಿಸಿದ ಲಾವಣಿಯಿಂದಾಗಿ ಆ ಕಥೆ ನಮಗೆ ಉಳಿದಿದೆ. ಕೊಡಗಿನ ಪಕ್ಕದ ಮಲಬಾರಿನಲ್ಲಂತೂ ಇದಕ್ಕೂ ಮೊದಲೇ, 1854ರಲ್ಲಿ, ಮಾಪಿಳ್ಳೆಯರ ಕತ್ತಿಗಳ ಮೇಲೆ ಪ್ರತ್ಯೇಕ ಕಾನೂನು ಬಂದಿತ್ತು. ಕಲೆಕ್ಟರ್ ಕನೋಲಿ ಸಾವಿರಾರು ಕತ್ತಿಗಳನ್ನು ವಶಪಡಿಸಿಕೊಂಡ, ಮರುವರ್ಷ ಅವನನ್ನೇ ಕೊಂದರು. ಮೂರು ನಾಡು, ಮೂರು ಆಯುಧ ಪರಂಪರೆ. ಹಲಗಲಿಯವನ ಕೈ ಮಡಿಕೇರಿಯವನ ಕೈಗಿಂತ ಕಡಿಮೆ ಪಳಗಿತ್ತೇ ಎಂದು ಯಾವ ಅಧಿಕಾರಿಯೂ ಪರೀಕ್ಷಿಸಲಿಲ್ಲ. 1878ರ ಶಸ್ತ್ರ ಕಾಯ್ದೆ ಈ ತರ್ಕವನ್ನು ದೇಶಕ್ಕೆಲ್ಲ ಹರಡಿತು: ಯುರೋಪಿಯನ್ನನಿಗೆ ಪರವಾನಗಿ ಬೇಡ, ಭಾರತೀಯನಿಗೆ ಬೇಕು. 1920ರ ನಿಯಮಗಳು ಬರುವವರೆಗೂ ಆ ಬಣ್ಣದ ಭೇದ ನಡೆಯಿತು. ಇಡೀ ಜನಾಂಗವನ್ನು ನಿರಾಯುಧಗೊಳಿಸಿದ ಈ ಕಾಯ್ದೆಯನ್ನು ಬ್ರಿಟಿಷ್ ಆಳ್ವಿಕೆಯ ಅತಿ ಕರಾಳ ಕೃತ್ಯಗಳ ಸಾಲಿಗೆ ಗಾಂಧೀಜಿಯೇ ಸೇರಿಸಿದ್ದರು ಎಂಬುದು ಅಹಿಂಸೆಯ ಹೆಸರಿನಲ್ಲಿ ಮರೆತುಹೋಗಿದೆ.

ಸ್ವಾತಂತ್ರ್ಯ ಹೋರಾಟದ ನಾಯಕರಿಗೆ ಇದು ಅಪಮಾನದ ಪ್ರಶ್ನೆಯಾಗಿತ್ತು. 1928ರ ನೆಹರೂ ವರದಿಯಲ್ಲೂ 1931ರ ಕರಾಚಿ ಕಾಂಗ್ರೆಸ್ ನಿರ್ಣಯದಲ್ಲೂ ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕು ಮೂಲಭೂತ ಹಕ್ಕುಗಳ ಪಟ್ಟಿಯಲ್ಲೇ ಇದೆ. ಸಂವಿಧಾನ ಸಭೆಯಲ್ಲಿ 1948ರ ಡಿಸೆಂಬರ್‌ನಲ್ಲಿ ಆ ಹಕ್ಕನ್ನು ಸೇರಿಸಬೇಕೆಂದು ತಿದ್ದುಪಡಿ ತಂದವರು ಮಂಗಳೂರಿನಲ್ಲಿ ಹುಟ್ಟಿದ ಹೆಚ್. ವಿ. ಕಾಮತ್. ಅಂಬೇಡ್ಕರ್ ಒಪ್ಪಲಿಲ್ಲ. ಪರಕೀಯರ ಆಳ್ವಿಕೆಯಲ್ಲಿ ಆ ಬೇಡಿಕೆಗೆ ಅರ್ಥವಿತ್ತು, ಸ್ವತಂತ್ರ ದೇಶದಲ್ಲಿ ಹಕ್ಕಿಗಿಂತ ಮುಖ್ಯವಾದದ್ದು ದೇಶಕ್ಕೆ ಅಗತ್ಯ ಬಿದ್ದಾಗ ಆಯುಧ ಹಿಡಿಯುವ ಪ್ರಜೆಯ ಬಾಧ್ಯತೆ ಎಂಬುದು ಅವರ ವಾದದ ತಿರುಳು. ತಿದ್ದುಪಡಿ ಬಿದ್ದುಹೋಯಿತು. ಅಂಬೇಡ್ಕರ್ ಹೇಳಿದ ಬಾಧ್ಯತೆಗೂ ಜಮ್ಮಾ ಪದ್ಧತಿಯ ಬಾಧ್ಯತೆಗೂ ಹುಟ್ಟು ಬೇರೆ, ಕಾಲ ಬೇರೆ. ಆದರೂ ಕೋವಿಯ ಪ್ರಶ್ನೆಯನ್ನು ಹಕ್ಕಿನ ಕಡೆಯಿಂದ ಹಿಡಿಯದೆ ಹೊಣೆಯ ಕಡೆಯಿಂದ ಹಿಡಿಯುವುದರಲ್ಲಿ ಎರಡೂ ಒಂದೇ. ಮುಂದೆ 1959ರ ಕಾಯ್ದೆ ಬಂದು 1962ರ ಅಕ್ಟೋಬರ್‌ನಲ್ಲಿ ಜಾರಿಯಾಯಿತು. ಅದರ 41ನೆಯ ಕಲಮಿನ ಕೆಳಗೆ ಕೇಂದ್ರ ಸರ್ಕಾರ ಕೊಡಗಿನ ವಿನಾಯಿತಿಯನ್ನು ಮುಂದುವರಿಸಿತು. 1956ರಲ್ಲಿ ಕೊಡಗು ರಾಜ್ಯವೇ ಮೈಸೂರಿನಲ್ಲಿ ವಿಲೀನವಾಗಿ ಹೋಗಿದ್ದರೂ ಕೋವಿಯ ಕಾನೂನಿನಲ್ಲಿ ಅದರ ಗಡಿ ಹಾಗೇ ಉಳಿಯಿತು.

ಇಲ್ಲಿ ಪಿಸ್ತೂಲಿನ ಮಾತು ಬರಬೇಕು. ನಗರಗಳಲ್ಲಿ ಪರವಾನಗಿ ಕೇಳುವವರ ಕಣ್ಣು ಹೆಚ್ಚಾಗಿ ಅದರ ಮೇಲೇ. 1959ರ ಕಾಯ್ದೆ ಎಲ್ಲ ಕೋವಿಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದಿಲ್ಲ. ರಕ್ಷಣೆಗೋ ಕ್ರೀಡೆಗೋ ಬೇಕಾದ, ನಳಿಗೆ 20 ಅಂಗುಲಕ್ಕೆ ಕಡಿಮೆ ಇಲ್ಲದ ನುಣುಪು ನಳಿಗೆಯ ಕೋವಿಗೆ, ಮತ್ತು ಬೆಳೆ ಕಾಯಲು ಬೇಕಾದ, ಬಾಯಿಯಿಂದ ಮದ್ದು ತುಂಬುವ ಕೋವಿಗೆ, ಅಡ್ಡಿಯಿಲ್ಲದಿದ್ದರೆ ಪರವಾನಗಿ ಕೊಡಬೇಕೆಂದು 13ನೆಯ ಕಲಮು ಹೇಳುತ್ತದೆ. ಪಿಸ್ತೂಲು, ರಿವಾಲ್ವರ್, ರೈಫಲ್‌ಗಳಿಗಾದರೆ ಅರ್ಜಿದಾರನಿಗೆ ತಕ್ಕ ಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಈ ಭೇದಕ್ಕೆ ಒಳ್ಳೆಯ ತಳಹದಿಯಿದೆ. ಹೆಗಲ ಮೇಲಿನ ಉದ್ದ ಕೋವಿ ಊರಿಗೆಲ್ಲ ಕಾಣುತ್ತದೆ, ಊರು ಅದನ್ನು ಪ್ರಶ್ನಿಸಬಲ್ಲದು. ಸೊಂಟದ ಪಿಸ್ತೂಲನ್ನು ಕಂಡವರೇ ಇರುವುದಿಲ್ಲ. ಕೊಡಗಿನ ಪರಂಪರೆ ಕಟ್ಟಿದ್ದು ಕಾಣುವ ಆಯುಧದ ಸುತ್ತ. ವಿನಾಯಿತಿದಾರರು ಜಿಲ್ಲೆಯ ಹೊರಗೆ ಇರುವಾಗ ಅಥವಾ ಪ್ರಯಾಣ ಮಾಡುವಾಗ ಒಯ್ಯಬಹುದಾದದ್ದು ಇಷ್ಟೇ ಎಂದು ಆದೇಶದಲ್ಲಿ ಹಾಕಿದ ಮಿತಿಯೂ ಅದನ್ನೇ ತೋರಿಸುತ್ತದೆ: ಒಂದು ರೈಫಲ್, ಅದಕ್ಕೆ 100 ತೋಟಾ, ಒಂದು ನುಣುಪು ನಳಿಗೆಯ ಕೋವಿ, ಅದಕ್ಕೆ 500 ತೋಟಾ ಅಥವಾ ಅಷ್ಟರ ಸೀಸ ಮತ್ತು ಮದ್ದು. 2019ರಲ್ಲಿ ವಿನಾಯಿತಿ ಮುಂದುವರಿದಾಗ ಪತ್ರಿಕೆಗಳು ಪಿಸ್ತೂಲು, ರಿವಾಲ್ವರ್‌ಗಳನ್ನೂ ಸೇರಿಸಿ ಬರೆದವು. ಪರಂಪರೆಯ ವಾದವನ್ನು ಪಿಸ್ತೂಲಿಗೂ ಎಳೆಯುವುದು ಆ ವಾದಕ್ಕೇ ಮಾಡುವ ಅನ್ಯಾಯ. ಕೈಲ್‌ಪೊಳ್ದಿನ ಪೂಜೆಯಿಂದಾಗಲಿ ಪುತ್ತರಿಯ ಗುಂಡಿನಿಂದಾಗಲಿ ಬಚ್ಚಿಟ್ಟು ಒಯ್ಯುವ ಆಯುಧಕ್ಕೆ ಸಮರ್ಥನೆ ಹುಟ್ಟುವುದಿಲ್ಲ.

ಆಯುಧ ಹಿಡಿಯುವವನಿಗೆ ಅದು ಬಳಸಲು ಬರುತ್ತದೆಯೇ ಎಂಬ ಪ್ರಶ್ನೆ ನಮ್ಮ ಕಾನೂನಿನಲ್ಲಿ ಖಚಿತವಾದ ರೂಪ ಪಡೆದದ್ದು ತೀರ ಈಚೆಗೆ. 1959ರ ಕಾಯ್ದೆ ವಯಸ್ಸು, ಮನಸ್ಸಿನ ಸ್ಥಿತಿ, ಹಿಂದಿನ ಅಪರಾಧ, ಸಾರ್ವಜನಿಕ ಶಾಂತಿ ಇವನ್ನೆಲ್ಲ ನೋಡುತ್ತಿತ್ತು. 2016ರ ಶಸ್ತ್ರಾಸ್ತ್ರ ನಿಯಮಗಳ 10ನೆಯ ನಿಯಮ ಒಂದು ಹೆಜ್ಜೆ ಮುಂದೆ ಹೋಗಿ, ಪರವಾನಗಿ ಬೇಡುವವರು ಸುರಕ್ಷತಾ ತರಬೇತಿ ಮುಗಿಸಿರಬೇಕೆಂದು ಹೇಳಿತು. ಆಯುಧವನ್ನು ಭದ್ರವಾಗಿ ಇಡುವುದು, ಒಯ್ಯುವುದು, ಗುಂಡು ಹಾರಿಸುವ ಕ್ರಮ, ಸುತ್ತಲಿನವರ ಸುರಕ್ಷತೆ ಇವು ಅದರ ಪಾಠಗಳು. ಕರ್ನಾಟಕದ ಹಲವು ಜಿಲ್ಲೆಗಳಲ್ಲಿ ಪೊಲೀಸ್ ಇಲಾಖೆ ನಾಗರಿಕ ಬಂದೂಕು ತರಬೇತಿ ಶಿಬಿರಗಳನ್ನು ನಡೆಸುತ್ತದೆ. ಆದರೆ ಈ ನಿಯಮ ಬಂದದ್ದು ಪರವಾನಗಿಯ ಅರ್ಜಿಗೆ ಅಂಟಿಕೊಂಡು. ಅರ್ಜಿಯೇ ಹಾಕಬೇಕಿಲ್ಲದವನಿಗೆ ತರಬೇತಿಯ ಷರತ್ತೂ ತಗಲುವುದಿಲ್ಲ. ಹೀಗೆ ಕಾನೂನಿಗೆ ಕೊನೆಗೂ ಹೊಳೆದ ಸರಿಯಾದ ಪ್ರಶ್ನೆ, ಆ ಪ್ರಶ್ನೆಯನ್ನು ಶತಮಾನಗಳ ಹಿಂದೆಯೇ ಕೇಳಿಕೊಂಡಿದ್ದ ನಾಡಿನ ಗಡಿಯಲ್ಲಿ ನಿಂತುಬಿಟ್ಟಿದೆ.

ಹುಟ್ಟಿದಂದಿನಿಂದ ಕೋವಿಯ ಜೊತೆ ಬೆಳೆದವರಿಗೆ ಪೊಲೀಸರು ಏನು ಕಲಿಸುವುದು, ಇದು ಅವಮಾನ ಎಂಬ ಆಕ್ಷೇಪ ಸಹಜ. ಸೈನ್ಯದಲ್ಲಿ ಸೇವೆ ಮಾಡಿ ಬಂದವರ ವಿಷಯದಲ್ಲಿ ಅದನ್ನು ಪೂರ್ತಿ ಒಪ್ಪಬೇಕು. ಅವರ ಸೇವಾ ದಾಖಲೆಯೇ ತರಬೇತಿಯ ಪತ್ರವೆಂದು ಎಣಿಸಬಹುದು. ಉಳಿದವರ ಮಾತು ಬೇರೆ. ಜೊತೆಯಲ್ಲಿ ಬೆಳೆಯುವುದು ಎಂದರೆ ಏನಾಗಿತ್ತು? ಐನ್‌ಮನೆಯಲ್ಲಿ ಪಟ್ಟೆದಾರನ ಕಣ್ಣೆದುರು, ಬೇಟೆಯ ಸಾಲಿನಲ್ಲಿ ಹಿರಿಯರ ನಡುವೆ ಬೆಳೆಯುವುದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಿಂದ ಬೇಟೆಯೆಂಬ ಶಾಲೆ ಮುಚ್ಚಿತು. ಮುಚ್ಚಿದ್ದು ಸರಿಯೇ, ಆದರೆ ಅಲ್ಲಿ ಕಲಿಯುತ್ತಿದ್ದುದನ್ನು ಬೇರೆಲ್ಲಿ ಕಲಿಯಬೇಕೆಂದು ಯಾರೂ ಯೋಚಿಸಲಿಲ್ಲ. ಒಕ್ಕದವರು ಬೆಂಗಳೂರು, ಮೈಸೂರು, ಹೊರದೇಶಗಳಿಗೆ ಚದುರಿದ್ದಾರೆ. ಎಷ್ಟೋ ಐನ್‌ಮನೆಗಳು ಹಬ್ಬಕ್ಕೆ ಮಾತ್ರ ಬಾಗಿಲು ತೆರೆಯುತ್ತವೆ. ಕದ್ದು ಬೇಟೆಗೆ ಹೋದವರು ಕಾಡುಹಂದಿಯೆಂದು ಭ್ರಮಿಸಿ ಜೊತೆಗಾರನಿಗೇ ಗುಂಡು ಹೊಡೆದ ಸುದ್ದಿ ಜಿಲ್ಲೆಯಿಂದ ಆಗಾಗ ಬರುತ್ತದೆ. ಹಳೆಯ ಬೇಟೆಯ ಸಾಲಿನಲ್ಲಿ ಮೊದಲ ಪಾಠವೇ ಅದನ್ನು ತಪ್ಪಿಸುವುದಾಗಿತ್ತು.

ಸಮಾನತೆಯ ಕಡೆಯಿಂದ ಬರುವ ಆಕ್ಷೇಪ ಇನ್ನೂ ಗಟ್ಟಿ. ಹುಟ್ಟು ಮತ್ತು ಭೂಮಿಯ ಆಧಾರದ ಮೇಲೆ ವಿನಾಯಿತಿ ಕೊಡುವುದು ಸಂವಿಧಾನದ 14ನೆಯ ವಿಧಿಗೆ ವಿರುದ್ಧವೆಂದು ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಕರ್ನಾಟಕ ಹೈಕೋರ್ಟಿಗೆ ಹೋಗಿತ್ತು. 2021ರ ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಅದನ್ನು ವಜಾ ಮಾಡಿ, ಸ್ವಾತಂತ್ರ್ಯಪೂರ್ವದಿಂದ ಬಂದ ಈ ವಿನಾಯಿತಿ ಷರತ್ತುಗಳಿಗೆ ಒಳಪಟ್ಟದ್ದು, ಹತ್ತು ವರ್ಷದ ಅವಧಿಗೆ ಸೀಮಿತವಾದದ್ದು ಎಂದು ಎತ್ತಿಹಿಡಿಯಿತು. ವಿಷಯ ಅಲ್ಲಿಂದ ಸುಪ್ರೀಂ ಕೋರ್ಟಿಗೂ ಹೋಯಿತು. ವಿನಾಯಿತಿಯ ಪರವಾಗಿ ಸಾಮಾನ್ಯವಾಗಿ ಹೇಳುವ ಮಾತೆಂದರೆ ಕೊಡಗಿನಲ್ಲಿ ಮನೆಮನೆಗೆ ಕೋವಿ ಇದ್ದರೂ ಅದರಿಂದ ಅಪರಾಧ ಅಪರೂಪ ಎಂಬುದು. ಇದನ್ನು ಒಪ್ಪಿದರೂ ಅದರಿಂದ ಸಿದ್ಧವಾಗುವುದು ಕುಲದ ಗುಣವಲ್ಲ. ಶೌರ್ಯ ರಕ್ತದಲ್ಲಿ ಬರುತ್ತದೆಂಬ ನಂಬಿಕೆ ಕಬ್ಬನ್‌ನ ಕಾಲದ ಆಡಳಿತಗಾರರಿಗೆ ಅನುಕೂಲವಾಗಿತ್ತು, ಅದನ್ನು ನಾವು ಹೊತ್ತು ತಿರುಗಬೇಕಿಲ್ಲ. ಸಿದ್ಧವಾಗುವುದು ಆ ಒಕ್ಕ, ಆ ಹಿರಿಯ, ಆ ಹಬ್ಬಗಳ ಕೆಲಸ. ಹಾಗಿದ್ದಮೇಲೆ ಸಮಾನತೆಯ ಪ್ರಶ್ನೆಗೆ ನಿಜವಾದ ಉತ್ತರವೂ ಅಲ್ಲಿಯೇ ಸಿಗುತ್ತದೆ: ಇಲ್ಲಿ ಕೋವಿಗೆ ಜಾಮೀನು ನಿಲ್ಲುವ ಒಂದು ಸಾಮಾಜಿಕ ವ್ಯವಸ್ಥೆ ಇದೆ ಎಂದು ತೋರಿಸಬಹುದಾದರೆ ವರ್ಗೀಕರಣ ನ್ಯಾಯವಾದದ್ದು. ಆ ವ್ಯವಸ್ಥೆ ಸಡಿಲಾದಷ್ಟೂ ವಾದವೂ ಸಡಿಲಾಗುತ್ತದೆ. ತರಬೇತಿಯನ್ನು ತಾವಾಗಿಯೇ ಒಪ್ಪಿಕೊಂಡ ಸಮುದಾಯದ ಎದುರು ಪಕ್ಷಪಾತದ ಆರೋಪ ಹೊರಿಸುವುದು ಕಷ್ಟ.

ಇನ್ನು ಸರ್ಕಾರದ ಕೈಗೆ ಒಂದು ಹಿಡಿ ಕೊಟ್ಟರೆ ಇಡೀ ಹಕ್ಕನ್ನೇ ಕಸಿಯುತ್ತದೆ ಎಂಬ ಭಯ. ನಿಶ್ಶಸ್ತ್ರೀಕರಣದ ಚರಿತ್ರೆ ಬಲ್ಲವರು ಇದನ್ನು ತಳ್ಳಿಹಾಕಲಾರರು. ಚುನಾವಣೆ ಬಂದಾಗ ಕೋವಿಗಳನ್ನು ಠಾಣೆಗೆ ಒಪ್ಪಿಸಬೇಕೇ ಬೇಡವೇ ಎಂಬ ತಕರಾರು ಏಳುವುದೂ ಈ ಭಯದಿಂದಲೇ. ಆದರೆ ಕಾನೂನು ಸುಮ್ಮನೆ ಕುಳಿತಿಲ್ಲ. 2019ರ ಅಕ್ಟೋಬರ್‌ನಲ್ಲಿ ವಿನಾಯಿತಿಯನ್ನು ಹತ್ತು ವರ್ಷಕ್ಕೆ ವಿಸ್ತರಿಸಿದ ಸರ್ಕಾರವೇ ಅದೇ ವರ್ಷ ಡಿಸೆಂಬರ್‌ನಲ್ಲಿ ಕಾಯ್ದೆಗೆ ತಿದ್ದುಪಡಿ ತಂದು, ಪರವಾನಗಿದಾರನ ಬಳಿ ಇರಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಸಂಭ್ರಮಕ್ಕಾಗಿ ಹಾರಿಸಿದ ಗುಂಡು ಇತರರ ಪ್ರಾಣಕ್ಕೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡನ್ನೂ ವಿಧಿಸಿತು. ಉತ್ತರದ ಮದುವೆ ಮೆರವಣಿಗೆಗಳನ್ನು ನೆನೆದು ಬರೆದ ಈ ಕಲಮು ಪುತ್ತರಿಯ ಗುಂಡಿಗೂ ಸಾವಿನ ಜೋಡಿ ಗುಂಡಿಗೂ ಅಡ್ಡಬರದಿರಬೇಕಾದರೆ, ಅವನ್ನು ಹಾರಿಸುವ ಕೈ ಪಳಗಿದ್ದು, ನಳಿಗೆ ಎತ್ತ ತಿರುಗಿರಬೇಕೆಂದು ಅರಿತದ್ದು ಎಂಬುದು ನಿಸ್ಸಂಶಯವಾಗಿರಬೇಕು. ಅದನ್ನು ಠಾಣೆಯೇ ಕಲಿಸಬೇಕೆಂದಿಲ್ಲ. ಕೈಲ್‌ಪೊಳ್ದಿನ ಗುರಿಸ್ಪರ್ಧೆ ನಡೆಸುವ ಕೊಡವ ಸಮಾಜಗಳು, ಗೌಡ ಸಮಾಜಗಳು, ನಿವೃತ್ತ ಸೈನಿಕರು ಸೇರಿ 10ನೆಯ ನಿಯಮದ ಪಾಠಗಳನ್ನು ತಮ್ಮದೇ ಅಂಗಳದಲ್ಲಿ ನಡೆಸಬಹುದು, ಹೆಣ್ಣುಮಕ್ಕಳನ್ನೂ ಸೇರಿಸಿಕೊಂಡು.

ಈಗಿನ ವಿನಾಯಿತಿಯ ಅವಧಿ 2029ರ ಅಕ್ಟೋಬರ್ 31ಕ್ಕೆ ಮುಗಿಯುತ್ತದೆ. ಮುಂದಿನ ಅಧಿಸೂಚನೆಗಾಗಿ ದೆಹಲಿಗೆ ಹೋಗುವ ಮನವಿಯಲ್ಲಿ 1861ರ ಪ್ರಶಂಸೆಯನ್ನು ಮತ್ತೊಮ್ಮೆ ನಕಲು ಮಾಡುವುದಕ್ಕಿಂತ ಮೂರು ಸಂಗತಿ ಇರಬೇಕೆಂದು ನನ್ನ ಒತ್ತಾಯ. ವಿನಾಯಿತಿ ಪತ್ರದ ಜೊತೆ ಸಮುದಾಯದ ಸಂಸ್ಥೆ ಕೊಟ್ಟ ತರಬೇತಿ ಪತ್ರ. ಉದ್ದ ಕೋವಿಗೆ ಮಾತ್ರ ಪರಂಪರೆಯ ವಿನಾಯಿತಿ, ಪಿಸ್ತೂಲಿಗೆ ಎಲ್ಲರಂತೆ ಪರವಾನಗಿ. ಮತ್ತು ತೋಟದ ಲೈನ್‌ಮನೆಗಳಲ್ಲಿರುವ ಯರವ, ಕುರುಬ ಆದಿವಾಸಿ ಜನರ ಸುರಕ್ಷತೆಯ ಮಾತು. ಜಮ್ಮಾ ಗದ್ದೆಗಳಲ್ಲಿ ತಲೆಮಾರುಗಟ್ಟಲೆ ದುಡಿದ ಯರವರಿಗೆ ಆ ಭೂಮಿಯ ಹಿಡುವಳಿ ಸಿಗಲಿಲ್ಲ, ಹಿಡುವಳಿಯ ಜೊತೆ ಬರುವ ಕೋವಿಯೂ ಸಿಗಲಿಲ್ಲ. ಆನೆ ಬಂದಾಗ ಮೊದಲು ಎದುರಾಗುವವರು ಅವರು, ಕತ್ತಲಲ್ಲಿ ತೋಟದೊಳಗೆ ಹಾರಿದ ಗುಂಡಿನ ದಾರಿಯಲ್ಲಿ ಇರುವವರೂ ಅವರು. ತರಬೇತಿಯ ಪಾಠಪಟ್ಟಿ ಬರೆಯಲು ಕೂರುವವರು ಅವರನ್ನೂ ಕರೆದು, ರಾತ್ರಿ ಹೊತ್ತು ತೋಟದಲ್ಲಿ ಕೋವಿಯ ಸದ್ದು ಕೇಳಿದರೆ ತಮಗೆ ಯಾವ ಭರವಸೆ ಬೇಕೆಂದು ಕೇಳಲಿ.